ಸಾಂತ್ವನದ ಕಥೆ, ಹೊರನಾಡಿನ ಓದುಗ

(ಬಾನುಲಿ ಭಾಷಣ)

ಟೋಕಿಯೋ ನಗರದ ಒಂದು ಓಣಿಯಲ್ಲಿ, ನೆಲಮಾಳಿಗೆಯೊಳಗೆ, ಒಂದು ಹಳೆಯ ಕಾಫಿ ಅಂಗಡಿ. ಅದರೊಳಗೆ ಒಂದು ಕುರ್ಚಿ. ಆ ಕುರ್ಚಿಯಲ್ಲಿ ಕುಳಿತವನು, ಬಟ್ಟಲಿಗೆ ಕಾಫಿ ಬಗ್ಗಿಸಿದ ಕ್ಷಣದಿಂದ ಅದು ಆರುವವರೆಗೆ, ತನಗೆ ಬೇಕಾದ ಕಾಲಕ್ಕೆ ಹೋಗಿ ಬರಬಹುದು. ಆದರೆ ನಿಯಮಗಳಿವೆ. ಆ ಅಂಗಡಿಗೆ ಎಂದೂ ಬಾರದವರನ್ನು ಕಾಣುವಂತಿಲ್ಲ. ಕುಳಿತಲ್ಲಿಂದ ಏಳುವಂತಿಲ್ಲ. ಎಲ್ಲಕ್ಕಿಂತ ಕಠಿಣವಾದ ನಿಯಮವೆಂದರೆ, ಹಿಂದಣ ಕಾಲಕ್ಕೆ ಹೋಗಿ ಏನು ಮಾಡಿದರೂ ಇಂದಿನ ಸ್ಥಿತಿಯಲ್ಲಿ ಒಂದೆಳೆಯೂ ಬದಲಾಗುವುದಿಲ್ಲ. ಸತ್ತವರು ಸತ್ತೇ ಇರುತ್ತಾರೆ. ಅಗಲಿದವರು ಅಗಲಿಯೇ ಇರುತ್ತಾರೆ. ಹಾಗಿದ್ದೂ ಜನ ಆ ಕುರ್ಚಿಯನ್ನು ಅರಸಿಕೊಂಡು ಬರುತ್ತಾರೆ. ತೊಶಿಕಾಜು ಕವಾಗುಚಿ ಎಂಬ ನಾಟಕಕಾರರು ಮೊದಲು ರಂಗಕ್ಕಾಗಿ ಬರೆದು, 2015ರಲ್ಲಿ ಕಾದಂಬರಿಯಾಗಿ ಪ್ರಕಟಿಸಿದ ಕೃತಿಯ ಹಂದರ ಇಷ್ಟೆ. 2019ರಲ್ಲಿ ಅದು ಇಂಗ್ಲಿಷಿಗೆ ಬಂತು. ಆಮೇಲೆ ಅದಕ್ಕೆ ದೊರೆತ ಓದುಗರ ಸಂಖ್ಯೆಯನ್ನು ಕಂಡು ಪ್ರಕಾಶಕರೇ ಬೆರಗಾಗಿರಬೇಕು. ಲಕ್ಷಲಕ್ಷ ಪ್ರತಿಗಳು, ಹಲವು ಭಾಷೆಗಳು, ಒಂದರ ಹಿಂದೊಂದು ಮುಂದಿನ ಭಾಗಗಳು.

ಇದು ಒಂಟಿ ಪುಸ್ತಕವಲ್ಲ. ಈಚಿನ ವರ್ಷಗಳಲ್ಲಿ ಜಪಾನಿನಿಂದ ಹೊರನಾಡುಗಳಿಗೆ ಇಂಥ ಕಥೆಗಳ ಒಂದು ಸಾಲೇ ಹೊರಟಿದೆ. ಸಾವು ಸಮೀಪಿಸಿದ ಯಜಮಾನನು ತನ್ನ ಬೆಕ್ಕಿಗೆ ಹೊಸ ಮನೆಯೊಂದನ್ನು ಹುಡುಕುತ್ತ ಊರೂರು ಅಲೆಯುವುದನ್ನು ಬೆಕ್ಕಿನ ಬಾಯಿಂದಲೇ ಹೇಳಿಸುವ ಹಿರೊ ಅರಿಕಾವಾ ಅವರ ಕಾದಂಬರಿ. ಟೋಕಿಯೋದ ಹಳೆಯ ಪುಸ್ತಕಗಳ ಬೀದಿ ಜಿಂಬೊಚೊದಲ್ಲಿ ಸೋದರಮಾವನ ಅಂಗಡಿಯ ಅಟ್ಟವನ್ನು ಸೇರಿ ಮನಸ್ಸಿನ ಗಾಯ ಮಾಯಿಸಿಕೊಳ್ಳುವ ಹುಡುಗಿಯ ಕಥೆ. ಗ್ರಾಹಕರು ಎಂದೋ ಉಂಡು ಮರೆತ ಅಡುಗೆಯನ್ನು ಶೋಧಿಸಿ ಮತ್ತೆ ಬಡಿಸುವ ಕ್ಯೋಟೋದ ತಂದೆ ಮಗಳ ಭೋಜನಶಾಲೆಯ ಕಥೆ. ಮುಖಪುಟದಲ್ಲಿ ಬೆಕ್ಕಿಲ್ಲದ ಪುಸ್ತಕವೇ ಅಪರೂಪ. ಬೆಕ್ಕು ಅಡ್ಡ ಬಂದರೆ ಹೊರಟ ಕೆಲಸವನ್ನೇ ನಿಲ್ಲಿಸುವ ನಮ್ಮಂಥವರಿಗೆ ಇದು ಸ್ವಲ್ಪ ವಿಚಿತ್ರವಾಗಿಯೇ ಕಾಣುತ್ತದೆ.

ನಿವೃತ್ತನಾದ ಮೇಲೆ ನಾನು ವಾಸವಾಗಿರುವುದು ಕೋಲಾರದ ಬಳಿಯ ವಕ್ಕಲೇರಿಯಲ್ಲಿ. ಈ ಪುಸ್ತಕಗಳು ನನ್ನ ಕೈ ಸೇರಿದ್ದು ವಿದ್ವಾಂಸರ ಮೂಲಕವಲ್ಲ. ನನ್ನ ತಂಗಿಯ ಮೊಮ್ಮಗಳು ಮಾಲೂರಿನಲ್ಲಿ ರೈಲು ಹಿಡಿದು ಬೆಂಗಳೂರಿನ ಒಂದು ಕಚೇರಿಗೆ ಹೋಗಿಬರುತ್ತಾಳೆ. ಕತ್ತಲಿರುವಾಗಲೇ ಮನೆ ಬಿಡಬೇಕು, ಕತ್ತಲಾದ ಮೇಲೆ ಮನೆ ಸೇರಬೇಕು. ಆ ರೈಲಿನಲ್ಲಿ ಅವಳ ಓದು. ಇಂಗ್ಲಿಷ್ ಅನುವಾದದಲ್ಲಿ ಜಪಾನಿನ ಕಥೆ. ಇದರಲ್ಲಿ ನಿನಗೆ ಹಿಡಿಸಿದ್ದೇನಮ್ಮ ಎಂದು ಕೇಳಿದೆ. "ತಾತ, ಇದರಲ್ಲಿ ಯಾರೂ ಯಾರನ್ನೂ ಅವಸರ ಮಾಡುವುದಿಲ್ಲ" ಎಂದಳು. ಎಂ.ಎ. ತರಗತಿಗಳಲ್ಲಿ ಮೂವತ್ತು ವರ್ಷ ವಿಮರ್ಶೆಯನ್ನು ಪಾಠ ಹೇಳಿದವನು ನಾನು. ಒಂದು ಸಾಹಿತ್ಯ ಪ್ರಕಾರವನ್ನು ಇಷ್ಟು ಚಿಕ್ಕ ಮಾತಿನಲ್ಲಿ ಹಿಡಿದುಕೊಟ್ಟ ವಿದ್ಯಾರ್ಥಿಗಳು ನನಗೆ ಹೆಚ್ಚು ಸಿಕ್ಕಲಿಲ್ಲ.

ಜಪಾನಿನಲ್ಲಿ ಇಂಥ ಬರಹಕ್ಕೆ 'ಇಯಾಶಿ' ಎಂಬ ಮಾತನ್ನು ಹೊಂದಿಸುತ್ತಾರೆ. ಮಾಯಿಸುವಿಕೆ, ವಾಸಿ ಮಾಡುವಿಕೆ ಎಂದು ಅದರ ಅರ್ಥ. ಈ ಮಾತು ಅಲ್ಲಿ ಮನೆಮಾತಾದದ್ದು 1995ರ ಅನಂತರ. ಆ ವರ್ಷದ ಜನವರಿ 17ರಂದು ಕೋಬೆ ಪ್ರದೇಶದ ಭೂಕಂಪದಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಎರಡು ತಿಂಗಳಲ್ಲಿ, ಮಾರ್ಚ್ 20ರಂದು, ಟೋಕಿಯೋದ ಸುರಂಗ ರೈಲುಗಳಲ್ಲಿ ಒಂದು ಪಂಥದವರು ವಿಷಾನಿಲವನ್ನು ಹರಡಿದರು. ಆ ವೇಳೆಗೆ ದೇಶದ ಆರ್ಥಿಕ ಉಬ್ಬರವೂ ಇಳಿದಿತ್ತು. ನೆಲ, ನಗರ, ನೌಕರಿ, ಮೂರರಲ್ಲಿಯೂ ನಂಬಿಕೆ ಅಲುಗಿದ ಹೊತ್ತಿನಲ್ಲಿ ಜನಕ್ಕೆ ಸಂತೈಸುವ ಹಾಡು ಬೇಕಾಯಿತು, ಚಿತ್ರ ಬೇಕಾಯಿತು, ಕಥೆ ಬೇಕಾಯಿತು. 2011ರ ಸುನಾಮಿ ಆ ಬೇಡಿಕೆಯನ್ನು ಇನ್ನಷ್ಟು ಬಲಪಡಿಸಿತು. 2020ರಲ್ಲಿ ಮಹಾಮಾರಿ ಬಂದು ಜಗತ್ತನ್ನೆಲ್ಲ ಮನೆಯೊಳಗೆ ಕೂಡಿಹಾಕಿದಾಗ ಹೊರನಾಡುಗಳಿಗೂ ಅದೇ ಔಷಧ ರುಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಹೊರಗಿನವರ ಕೈಗೆ ಸಿಕ್ಕುವ ಜಪಾನು ಇಡಿಯ ಜಪಾನಲ್ಲ. ಜಪಾನೀಯರು ತಮ್ಮಷ್ಟಕ್ಕೆ ಓದುವುದರಲ್ಲಿ ಪತ್ತೇದಾರಿ ಕಥೆಗಳ ಪಾಲು ದೊಡ್ಡದು. ಕೊಲೆ, ಕುಹಕ, ಸೇಡು ಅಲ್ಲಿ ಧಾರಾಳವಾಗಿವೆ. ಯಾವುದು ಗಡಿ ದಾಟಬೇಕೆಂಬುದನ್ನು ಗಡಿಯಾಚೆಯವರ ಹಸಿವು ನಿರ್ಧರಿಸುತ್ತದೆ. ಯುದ್ಧ ಮುಗಿದ ಹತ್ತು ಹನ್ನೊಂದು ವರ್ಷಗಳಲ್ಲಿ ಅಮೆರಿಕದ ನಾಫ್ ಪ್ರಕಾಶನವು ತಾನಿಜಾಕಿ, ಕವಾಬಾತ, ಮಿಶಿಮಾ ಅವರನ್ನು ಇಂಗ್ಲಿಷಿಗೆ ತಂದಿತು. ನಿನ್ನೆಯವರೆಗೆ ಶತ್ರುವಾಗಿದ್ದ ದೇಶ ಹಿಮ, ಚಹಾ, ವಿಷಾದಗಳ ನಾಡಾಗಿ ಕಾಣತೊಡಗಿತು. 1968ರಲ್ಲಿ ಕವಾಬಾತರಿಗೆ ನೊಬೆಲ್ ಬಂತು. ಈಗ ಆ ಜಾಗದಲ್ಲಿ ಕಾಫಿ ಅಂಗಡಿ ಮತ್ತು ಬೆಕ್ಕು. ನಮ್ಮ ವಕ್ಕಲೇರಿಯ ಹೆಸರು ದೂರದ ವಿದ್ವಾಂಸರಿಗೆ ತಿಳಿದಿರುವುದು ಇಲ್ಲಿ ದೊರೆತ ಚಾಲುಕ್ಯ ಇಮ್ಮಡಿ ಕೀರ್ತಿವರ್ಮನ ಕ್ರಿ.ಶ. 757ರ ತಾಮ್ರಶಾಸನದಿಂದ. ಅವರ ಮಟ್ಟಿಗೆ ವಕ್ಕಲೇರಿ ಎಂದರೆ ಕೆಲವು ತಾಮ್ರದ ಹಲಗೆಗಳು. ಇಲ್ಲಿನ ರಾಗಿ ಹೊಲ, ಬತ್ತಿದ ಕೆರೆ, ಹಾಲಿನ ಡೇರಿ ಯಾವುದೂ ಆ ಹಲಗೆಗಳಲ್ಲಿಲ್ಲ. ಯಾವ ಊರಿನಿಂದಲೂ ಹೊರಗೆ ಹೋಗುವುದು ಇಷ್ಟೆ.

ಈ ಪುಸ್ತಕಗಳಲ್ಲಿ ಹಲವು ನನಗೆ ರುಚಿಸಲಿಲ್ಲ ಎಂಬುದನ್ನು ಮುಚ್ಚಿಡಲಾರೆ. ಒಂದು ಅಂಗಡಿ, ಒಬ್ಬ ಮಿತಭಾಷಿ ಯಜಮಾನ, ದುಃಖ ಹೊತ್ತು ಬರುವ ನಾಲ್ವರು, ನಾಲ್ಕು ಅಧ್ಯಾಯಗಳಲ್ಲಿ ನಾಲ್ಕು ಪರಿಹಾರ: ಇದು ಅಚ್ಚಿನಲ್ಲಿ ಒತ್ತಿದ ಸಕ್ಕರೆ ಗೊಂಬೆ. ಕವಾಗುಚಿಯವರ ಮೊದಲ ಪುಸ್ತಕದಲ್ಲಿದ್ದ ಗಟ್ಟಿತನ ಮುಂದಿನವುಗಳಲ್ಲಿ ತೆಳುವಾಗುತ್ತ ಹೋಗಿದೆ. ಆದರೆ ಅದೇ ಸಾಲಿನಲ್ಲಿ ಒಂದು ಕೃತಿಯಿದೆ. ಅದು ಬೇರೆಯೇ ತೂಕದ್ದು. ದುರಿಯನ್ ಸುಕೆಗಾವಾ ಅವರು ಬರೆದ, ಇಂಗ್ಲಿಷಿಗೆ 2017ರಲ್ಲಿ ಬಂದ ಆ ಕಾದಂಬರಿಯ ಹೆಸರು ಜಪಾನಿಯಲ್ಲಿ 'ಅನ್'. 'ಅನ್' ಎಂದರೆ ಬೇಯಿಸಿ ಅರೆದು ಸಿಹಿ ಬೆರೆಸಿದ ಕೆಂಪು ಕಾಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೂರಣ. ಹೋಳಿಗೆ ಮಾಡಬಲ್ಲ ಯಾವ ಗೃಹಿಣಿಗೂ ಇದನ್ನು ವಿವರಿಸಬೇಕಾಗಿಲ್ಲ.

ಸೆಂತಾರೊ ಎಂಬಾತ ಒಂದು ಪುಟ್ಟ ಅಂಗಡಿಯಲ್ಲಿ ಹೂರಣ ತುಂಬಿದ ದೋರಯಾಕಿ ಮಾರುತ್ತಾನೆ. ಹಿಂದೆ ಜೈಲು ಕಂಡವನು, ಸಾಲಗಾರ, ಕುಡುಕ. ಹೂರಣವನ್ನು ಅವನು ಡಬ್ಬದಲ್ಲಿ ತರಿಸುತ್ತಾನೆ. ಎಪ್ಪತ್ತಾರು ವರ್ಷದ ತೊಕುಯೆ ಎಂಬ ಮುದುಕಿ ಕೆಲಸ ಕೇಳಿಕೊಂಡು ಬರುತ್ತಾಳೆ. ಅವಳ ಬೆರಳುಗಳು ಸೊಟ್ಟಗಿವೆ. ಕಾಳು ಬೇಯುವಾಗ ಅವಳು ಪಾತ್ರೆಯ ಮೇಲೆ ಬಗ್ಗಿ, ಅದು ಏನನ್ನೋ ಹೇಳುತ್ತಿದೆ ಎಂಬಂತೆ ಕಿವಿಗೊಡುತ್ತಾಳೆ. ಅವಳ ಹೂರಣದಿಂದ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆ. ಆಮೇಲೆ ಊರಿನಲ್ಲಿ ಪಿಸುಮಾತು ಹಬ್ಬುತ್ತದೆ: ಆಕೆ ಕುಷ್ಠರೋಗಿಗಳ ಆಶ್ರಮದವಳು. ಸಾಲು ಕರಗುತ್ತದೆ. ರೋಗ ಅವಳಿಗೆ ಎಂದೋ ವಾಸಿಯಾಗಿತ್ತು; ಆದರೆ ಎಳೆಯ ವಯಸ್ಸಿನಲ್ಲಿ ಒಳಗೆ ಹಾಕಿದವರು ಹೊರಗೆ ಬಿಟ್ಟಿರಲಿಲ್ಲ.

ಇದು ಕಥೆಗಾರನ ಕಲ್ಪನೆ ಮಾತ್ರವಲ್ಲ. ಜಪಾನಿನಲ್ಲಿ ಕುಷ್ಠರೋಗಿಗಳನ್ನು ಪ್ರತ್ಯೇಕವಾಗಿಡುವ ಕಾನೂನು 1907ರಲ್ಲಿ ಆರಂಭವಾಗಿ, 1931ರಲ್ಲಿ ಬಿಗಿಯಾಗಿ, ಔಷಧ ದೊರೆತ ಮೇಲೆ 1953ರಲ್ಲಿಯೂ ಮತ್ತೆ ಮುಂದುವರಿದು, 1996ರಲ್ಲಿ ರದ್ದಾಯಿತು. 2001ರಲ್ಲಿ ಕುಮಾಮೊತೊ ನ್ಯಾಯಾಲಯವು ಸರ್ಕಾರದ್ದೇ ತಪ್ಪೆಂದು ತೀರ್ಪಿತ್ತಿತು; ಸರ್ಕಾರ ಮೇಲ್ಮನವಿ ಹೋಗಲಿಲ್ಲ. ಸಿಹಿಯ ಹೆಸರು ಹೊತ್ತ ಈ ಪುಸ್ತಕದೊಳಗೆ ಸುಮಾರು ತೊಂಬತ್ತು ವರ್ಷಗಳ ಅನ್ಯಾಯ ಕುಳಿತಿದೆ. ಲಂಡನ್ನಿನಲ್ಲಿಯೋ ಬೆಂಗಳೂರಿನಲ್ಲಿಯೋ ಇದನ್ನು ಹಾಸಿಗೆಯ ಬದಿಯಲ್ಲಿಟ್ಟುಕೊಂಡು ಓದುವವರಲ್ಲಿ ಎಷ್ಟು ಮಂದಿ ಆ ಕಾನೂನಿನ ಕಡೆ ಗಮನ ಕೊಟ್ಟಾರು? ಅವರು ಹೂರಣವನ್ನು ಸವಿದು ಮಲಗಬಹುದು. ಹೊರನಾಡಿನ ಓದುಗನಿಗಿರುವ ಸೌಕರ್ಯ ಇದು, ಅವನ ಕೊರತೆಯೂ ಇದೇ. ಗಾಯ ಯಾರದೋ, ಮುಲಾಮು ಮಾತ್ರ ಅವನದು.

ಸಾಂತ್ವನ ಹೇಳುವ ಸಾಹಿತ್ಯ ಎರಡನೆಯ ದರ್ಜೆಯದು ಎಂಬ ಅಭಿಪ್ರಾಯ ವಿದ್ಯಾವಂತರಲ್ಲಿ ಬೇರುಬಿಟ್ಟಿದೆ. ನಮ್ಮ ಪೂರ್ವಿಕರಿಗೆ ಈ ಸಂಕೋಚವಿರಲಿಲ್ಲ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿಯೇ ಭರತನು ದುಃಖದಿಂದ, ದುಡಿಮೆಯಿಂದ, ಶೋಕದಿಂದ ಬಳಲಿದವರಿಗೆ ವಿಶ್ರಾಂತಿಯನ್ನು ಉಂಟುಮಾಡುವುದನ್ನು ನಾಟ್ಯದ ಪ್ರಯೋಜನಗಳಲ್ಲಿ ಎಣಿಸಿದ್ದಾನೆ. ವಿಶ್ರಾಂತಿ ಎಂಬ ಪದವನ್ನು ಗಮನಿಸಬೇಕು. ದಣಿದವನು ಹೊರೆಯನ್ನು ಕಟ್ಟೆಯ ಮೇಲಿಳಿಸಿ ಕೂಡುತ್ತಾನೆ. ಹೊರೆ ಅಲ್ಲಿಯೇ ಇರುತ್ತದೆ. ಎದ್ದಾಗ ಮತ್ತೆ ಹೊರಲೇಬೇಕು.

ಈ ಹಿನ್ನೆಲೆಯಲ್ಲಿ ನನಗೆ ನೆನಪಾಗುವವರು ಇದೇ ನೆಲದವರು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1891ರ ಜೂನ್ 6ರಂದು ನಮ್ಮ ನೆರೆಯ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ ಜನಿಸಿದರು. 1986ರಲ್ಲಿ ಅದೇ ಜೂನ್ 6ರಂದು ತೀರಿಕೊಂಡರು. 1920ರಲ್ಲಿ 'ಕೆಲವು ಸಣ್ಣ ಕತೆಗಳು' ಸಂಕಲನದಿಂದ ಮೊದಲುಮಾಡಿ 'ಶ್ರೀನಿವಾಸ' ಎಂಬ ಹೆಸರಿನಲ್ಲಿ ಅವರು ಹೇಳಿದ ಕಥೆಗಳ ಮುಖ್ಯ ಗುಣ ಸಮಾಧಾನ. ನವ್ಯದ ಭರಾಟೆಯ ದಿನಗಳಲ್ಲಿ ಈ ಗುಣವೇ ದೋಷವೆನಿಸಿತು. ಬದುಕಿನ ಕ್ರೌರ್ಯ ಇವರ ಅಂಗಳಕ್ಕೆ ಕಾಲಿಡುವುದಿಲ್ಲ, ಎಲ್ಲವೂ ಕಡೆಗೆ ಸರಿಹೋಗಿಬಿಡುತ್ತದೆ ಎಂಬ ಆಕ್ಷೇಪವನ್ನು ನಾನು ತರಗತಿಗಳಲ್ಲಿಯೂ ವಿಚಾರಗೋಷ್ಠಿಗಳಲ್ಲಿಯೂ ಬಹಳ ಸಲ ಕೇಳಿದ್ದೇನೆ. 1983ರ ಸಾಲಿನ ಜ್ಞಾನಪೀಠ ಬಂದಾಗ ಎಲ್ಲರೂ ಕೈಮುಗಿದರು. 'ಮಾಸ್ತಿ ಕನ್ನಡದ ಆಸ್ತಿ' ಎಂಬ ಪ್ರಾಸವನ್ನು ಬಾಯಿಪಾಠ ಮಾಡಿದೆವು. ಆಸ್ತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ನಮ್ಮ ಹಳೆಯ ರೂಢಿ.

'ಮೊಸರಿನ ಮಂಗಮ್ಮ'ನನ್ನು ತೆಗೆದುಕೊಳ್ಳಿ. ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಹೊತ್ತು ತರುವ ಹೆಂಗಸು. ಮೊಸರು ಕೊಳ್ಳುವ ಮನೆಯಾಕೆಯ ಮುಂದೆ ಮಡಕೆ ಇಳಿಸಿ ಕುಳಿತು ತನ್ನ ಕಷ್ಟ ಹೇಳಿಕೊಳ್ಳುತ್ತಾಳೆ. ಗಂಡ ಒಂದು ಕಾಲಕ್ಕೆ ಬೇರೊಬ್ಬಳ ಹಿಂದೆ ಹೋದವನು. ಈಗ ಸೊಸೆ ಮೊಮ್ಮಗನಿಗೆ ಹೊಡೆದಳು, ಇವಳು ಅಡ್ಡ ಬಂದಳು, ಮಗ ಹೆಂಡತಿಯ ಪರ ನಿಂತ, ಒಲೆ ಬೇರೆಯಾಯಿತು. ಕೂಡಿಟ್ಟ ಹಣದ ಮೇಲೆ ಊರಿನ ಜೂಜುಕೋರನ ಕಣ್ಣು. ದಾರಿಯಲ್ಲಿ ತಲೆಗೆ ಕಾಗೆ ತಾಗಿದ್ದಕ್ಕೆ ಸಾವು ಬಂತೆಂದು ಅವಳು ಹೆದರುತ್ತಾಳೆ. ಇದರಲ್ಲಿ ಕ್ರೌರ್ಯವಿಲ್ಲ ಎನ್ನುವವರು ಒಂಟಿ ಮುದುಕಿ ತನಗಾಗಿ ಮಾತ್ರ ಅಡುಗೆ ಮಾಡಿಕೊಳ್ಳುವ ಸಂಜೆಯನ್ನು ಕಲ್ಪಿಸಿಕೊಂಡಿಲ್ಲ. ಕಡೆಯಲ್ಲಿ ಮೊಮ್ಮಗನ ಮೂಲಕ ಮನೆ ಒಂದಾಗುತ್ತದೆ, ನಿಜ. ಆದರೆ ಹೇಗೆ? ಮುದುಕಿಯ ಹಣ ಹೊರಗಿನವರ ಪಾಲಾದೀತೆಂಬ ಲೆಕ್ಕಾಚಾರವೂ ಸೊಸೆಯ ಮನಸ್ಸಿನಲ್ಲಿತ್ತೆಂಬುದನ್ನು ಮಾಸ್ತಿ ಮುಚ್ಚಿಟ್ಟಿಲ್ಲ. ಅತ್ತೆ ಸೊಸೆಯರ ಅಧಿಕಾರದ ಹೋರಾಟ ಮುಗಿಯಿತೆಂದೂ ಅವರು ಹೇಳಿಲ್ಲ. ಎಲ್ಲ ಸರಿಹೋಯಿತೆಂದು ತಿಳಿದವರು ಕಥೆಯನ್ನು ಅವಸರದಲ್ಲಿ ಓದಿದ್ದಾರೆ.

ಈಗ ಕಾಫಿ ಅಂಗಡಿಯನ್ನೂ ಮೊಸರಿನ ಮಡಕೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಹೊಳೆಯುತ್ತದೆ. ಎರಡು ಕಡೆಯೂ ಸಂತೈಸುವವರು ನಂಟರಲ್ಲ, ಮಾರುವವರು, ಕೊಳ್ಳುವವರು. ಮೊಸರು ಕೊಳ್ಳುವಾಕೆ ಮಂಗಮ್ಮನ ಮನೆಗೆ ಹೋಗಿ ನ್ಯಾಯ ತೀರಿಸುವುದಿಲ್ಲ. ಅದು ಅವಳಿಂದ ಆಗುವಂಥದಲ್ಲ. ಆಗಾಗ ಒಂದು ಹಿತದ ಮಾತು, ಉಳಿದಂತೆ ಕೇಳುವುದು, ಅಷ್ಟೇ ಅವಳ ಕೆಲಸ. ಟೋಕಿಯೋದ ಕುರ್ಚಿಯಲ್ಲಿ ಕುಳಿತವರಿಗೂ ಏನನ್ನೂ ಬದಲಾಯಿಸುವ ಶಕ್ತಿಯಿಲ್ಲ. ನೆನಪು ಅಳಿಯುತ್ತಿರುವ ಗಂಡ ತನಗಾಗಿ ಬರೆದಿಟ್ಟ ಕಾಗದವನ್ನು ಹೆಂಡತಿ ಪಡೆದು ಬರುತ್ತಾಳೆ. ರೋಗ ಹಾಗೆಯೇ ಉಳಿಯುತ್ತದೆ. ಹೇಳಬೇಕಾಗಿದ್ದ ಮಾತನ್ನು ಕೇಳಬೇಕಾಗಿದ್ದವರು ಕೇಳಿದರು ಎಂಬಷ್ಟೇ ಲಾಭ. ಬಾಳಿಕೆ ಬರುವ ಸಾಂತ್ವನದ ಕಥೆ ದುಃಖಿಗೆ ಕೊಡುವುದು ಪರಿಹಾರವನ್ನಲ್ಲ, ಒಬ್ಬ ಕೇಳುಗನನ್ನು ಎಂಬುದು ನನ್ನ ಅಭಿಪ್ರಾಯ. ಸಕ್ಕರೆ ಗೊಂಬೆಗಳಲ್ಲಿ ಇದು ತಲೆಕೆಳಗಾಗಿರುತ್ತದೆ. ಅಲ್ಲಿ ಕೇಳುವ ಮೊದಲೇ ಪರಿಹಾರ ಸಿದ್ಧ.

ಇದಕ್ಕೆ ಜಪಾನಿನದೇ ಇನ್ನೊಂದು ಸಾಕ್ಷಿ, ಕನ್ನಡ ಓದುಗರಿಗೂ ಚಿರಪರಿಚಿತವಾದ 'ತೊತ್ತೋಚಾನ್'. ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯವನ್ನು ಕುರಿತು 1981ರಲ್ಲಿ ಪ್ರಕಟಿಸಿದ ಈ ಪುಸ್ತಕದಲ್ಲಿ, ಒಂದು ಶಾಲೆಯಿಂದ ಹೊರಹಾಕಿಸಿಕೊಂಡ ಪುಟ್ಟ ಹುಡುಗಿಯನ್ನು ತಾಯಿ ತೊಮೊಯೆ ಶಾಲೆಗೆ ಕರೆತರುತ್ತಾಳೆ. ಮುಖ್ಯೋಪಾಧ್ಯಾಯ ಕೊಬಾಯಾಶಿ ಅವಳನ್ನು ಪರೀಕ್ಷಿಸುವುದಿಲ್ಲ. ನಿನಗೆ ತೋಚಿದ್ದನ್ನು ಹೇಳು ಎನ್ನುತ್ತಾರೆ. ಅವಳು ನಾಲ್ಕು ಗಂಟೆ ಮಾತನಾಡುತ್ತಾಳೆ. ಅವರು ನಾಲ್ಕು ಗಂಟೆಯೂ ಬೇಸರವಿಲ್ಲದೆ ಕೇಳುತ್ತಾರೆ. ಉಪಾಧ್ಯಾಯ ವೃತ್ತಿಯಲ್ಲಿದ್ದವರು ಆ ಪುಟಗಳನ್ನು ಓದುವಾಗ ಸ್ವಲ್ಪ ತಲೆ ತಗ್ಗಿಸಬೇಕಾಗುತ್ತದೆ. ಆ ಶಾಲೆ 1945ರ ವಿಮಾನದಾಳಿಯಲ್ಲಿ ಸುಟ್ಟುಹೋಯಿತು. ಪುಸ್ತಕ ಅದನ್ನೂ ಹೇಳುತ್ತದೆ.

ಕರ್ನಾಟಕದಿಂದ ಹೊರಟು ಹೊರನಾಡಿನವರ ಮನಸ್ಸನ್ನು ಹೀಗೆ ತಣಿಸಿದ ಕಥೆಗಳಿಲ್ಲವೆ ಎಂದರೆ, ಇವೆ. ಆದರೆ ಅವು ಇಂಗ್ಲಿಷಿನಲ್ಲಿ ಹುಟ್ಟಿದವು. ಮೈಸೂರಿನಲ್ಲಿ ಕುಳಿತು ಆರ್.ಕೆ. ನಾರಾಯಣರು ಮಾಲ್ಗುಡಿಯನ್ನು ಕಟ್ಟಿದರು. ಗ್ರಹಾಂ ಗ್ರೀನರ ಬೆಂಬಲದಿಂದ 1935ರಲ್ಲಿ ಅವರ ಮೊದಲ ಕಾದಂಬರಿ ಲಂಡನ್ನಿನಲ್ಲಿ ಅಚ್ಚಾಯಿತು. ಅದನ್ನು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ನಾರಾಯಣರು ಅಲ್ಲಿದ್ದ ಗೆಳೆಯನಿಗೆ ಬರೆದಿದ್ದರಂತೆ. ಗೆಳೆಯ ಒಯ್ದು ಗ್ರೀನರ ಕೈಯಲ್ಲಿಟ್ಟ. ಮಾಲ್ಗುಡಿಯ ನೆಮ್ಮದಿ ಪರದೇಶದವರಿಗೆ ಹಿಡಿಸಿದಷ್ಟೇ ಕೆಲವರಿಗೆ ಸಿಟ್ಟನ್ನೂ ತರಿಸಿತು. 1977ರ ಒಂದು ಪುಸ್ತಕದಲ್ಲಿ ವಿ.ಎಸ್. ನೈಪಾಲರು ಈ ನೆಮ್ಮದಿಯನ್ನು ಹಿಂದೂ ನಿಷ್ಕ್ರಿಯತೆಯೆಂದು ಜರೆದರು. ಮಾಸ್ತಿಯವರ ಮೇಲಿನ ಆಕ್ಷೇಪದ ತಮ್ಮನೇ ಇದು. ಆದರೆ ನಾರಾಯಣರ ಪತ್ನಿ ರಾಜಂ 1939ರಲ್ಲಿ ವಿಷಮಶೀತ ಜ್ವರದಿಂದ ತೀರಿಕೊಂಡರು. ಆ ಸಾವನ್ನೇ 1945ರ 'ದಿ ಇಂಗ್ಲಿಷ್ ಟೀಚರ್' ಕಾದಂಬರಿಯ ನಡುವೆ ಅವರಿಟ್ಟರು. ಆ ಜ್ವರದ ದಿನಗಳ ಪುಟಗಳನ್ನು ಓದಿದವರು ನೆಮ್ಮದಿ ಎಂಬ ಮಾತನ್ನು ಹಗುರವಾಗಿ ಬಳಸಲಾರರು.

ಮಾಸ್ತಿ ತಮ್ಮ ಕಥೆಗಳಲ್ಲಿ ಹಲವನ್ನು ತಾವೇ ಇಂಗ್ಲಿಷಿಗೆ ತಿರುಗಿಸಿದರು. ಅವು ಥೇಮ್ಸ್ ದಡವನ್ನು ನಾರಾಯಣರ ಕಥೆಗಳಂತೆ ಮುಟ್ಟಲಿಲ್ಲ. 'ರಂಗನ ಮದುವೆ' ಹಲವು ವರ್ಷ ಎನ್.ಸಿ.ಇ.ಆರ್.ಟಿ.ಯ ಹನ್ನೊಂದನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿತ್ತು. ನಮ್ಮ ಮಂಗಮ್ಮನಂತೂ ಹಿಂದಿ ಕಲಿತು, ಬಿಹಾರದ ಹತ್ತನೆಯ ತರಗತಿಯ ಪಠ್ಯಪುಸ್ತಕವನ್ನು ಸೇರಿದಳು. ಗಂಗೆಯ ತೀರದ ಮಕ್ಕಳು ಪರೀಕ್ಷೆಗೆಂದು ಅವಳನ್ನು ಓದಿದ್ದಾರೆ. ಅವರಿಗೆ ಬೆಂಗಳೂರಿನ ಹಳೆಯ ಬೀದಿ ತಿಳಿಯದು, ಮಾಸ್ತಿ ಎಂಬುದು ಊರೆಂದೂ ತಿಳಿಯದು. ಆದರೆ ಅತ್ತೆ ಸೊಸೆಯರ ಒಲೆ ಬೇರೆಯಾಗುವುದು ಅಲ್ಲಿಯೂ ಉಂಟು. ಹೊರನಾಡಿನ ಓದುಗರೆಂದರೆ ಅವರೂ ಹೌದಷ್ಟೆ.

ಕಳೆದ ಬೇಸಗೆಯಲ್ಲಿ ತಂಗಿಯ ಮೊಮ್ಮಗಳಿಗೆ ಮಂಗಮ್ಮನ ಇಂಗ್ಲಿಷ್ ಅನುವಾದವನ್ನೇ ಮೊದಲು ಕೊಟ್ಟೆ. ಕನ್ನಡದ ಹುಡುಗಿಗೆ ಕನ್ನಡದ ಕಥೆಯನ್ನು ಇಂಗ್ಲಿಷಿನಲ್ಲಿ ಕೊಡುವುದೇ ಎಂದು ಕೆಲವು ಮಿತ್ರರು ಹುಬ್ಬೇರಿಸಿದರು. ಓದಿ ಮುಗಿಸಿದ ಮೇಲೆ ಅವಳು ಹೊಗಳಲಿಲ್ಲ, ತೆಗಳಲೂ ಇಲ್ಲ. ಮೊಸರು ಮಾರಿ ಬಂದ ದುಡ್ಡನ್ನು ಹೆಂಗಸು ತನ್ನ ಹತ್ತಿರವೇ ಇಟ್ಟುಕೊಳ್ಳಲು ಆ ಕಾಲದಲ್ಲಿ ಬಿಡುತ್ತಿದ್ದರೇ ಎಂದು ಕೇಳಿದಳು. ನಾನು ಉತ್ತರ ಹೇಳುವುದರೊಳಗೆ ಅವಳ ಅಜ್ಜಿ, ಎಂದರೆ ನನ್ನ ತಂಗಿ, ಒಳಗಿನಿಂದ ಬಂದು ಕುಳಿತು, ತಮ್ಮ ಅತ್ತೆಯ ಕಾಲದ ಹಾಲಿನ ಲೆಕ್ಕವನ್ನು ಹೇಳತೊಡಗಿದಳು. ಅದು ಬಹಳ ಹೊತ್ತು ನಡೆಯಿತು.